ಗವಾನನ ಮದರಸಾ ಮತ್ತು ನಮ್ಮ ಕಂಪನಿಯ ಸಮುದಾಯ ಸಮಾವೇಶ

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನ ಕೆಲಸ ಅನ್ನೋ ಹಳೇ ನೆಪ ಇದ್ದೇ ಇದೆ, ಇರಲಿ. ಈ ಸಲ ಬರೆಯೋದಕ್ಕೆ ಕಾರಣ ಆದದ್ದೂ ಆಫೀಸೇ.

ಕಳೆದ ತಿಂಗಳು ನಮ್ಮ ಕಂಪನಿಯವರು ಬೆಂಗಳೂರಿನ ಹೋಟೆಲೊಂದರಲ್ಲಿ ಎರಡು ದಿನದ 'ಸಮುದಾಯ ಸಮಾವೇಶ' ನಡೆಸಿದರು. ಹೆಸರು ದೊಡ್ಡದು, ವಿಷಯ ಇಷ್ಟೇ: ಕಂಪನಿಯ ತಂತ್ರಾಂಶವನ್ನು ಸಂಬಳವಿಲ್ಲದೆ ತಮ್ಮ ತಮ್ಮ ಭಾಷೆಗೆ ತಂದುಕೊಡುವ ಜನರನ್ನು ಕರೆಸಿ, ಊಟ ಹಾಕಿ, ಟೀ ಶರ್ಟು ಕೊಟ್ಟು, ಮುಂದೇನು ಅಂತ ಕೂತು ಮಾತಾಡೋದು. ಕಾಲೇಜಿನಲ್ಲಿದ್ದಾಗ ನಾನೂ ರಾತ್ರಿಯೆಲ್ಲಾ ಕೂತು ಇಂಥ ಅನುವಾದ ಮಾಡಿದವನೇ. ಈ ಸಲ ಮಾತ್ರ ಮೇಜಿನ ಆಚೆ ಬದಿಯಲ್ಲಿದ್ದೆ. ಬಂದವರ ಹೆಸರು ಪಟ್ಟಿಯಲ್ಲಿ ಹುಡುಕಿ ಕೊರಳಿಗೆ ಹಾಕುವ ಚೀಟಿ ಕೊಡೋದು ನನ್ನ ಕೆಲಸ.

ಮೊದಲ ಎಡವಟ್ಟು ಅಲ್ಲೇ ಆಯ್ತು. ಚೀಟಿಯಲ್ಲಿ ಹೆಸರು, ಊರು ಎರಡೂ ಕನ್ನಡದಲ್ಲಿರಲಿ ಅಂತ ನಾನೇ ಹಟ ಹಿಡಿದಿದ್ದೆ. ಅಚ್ಚಾಗಿ ಬಂದಾಗ ನೋಡ್ತೀನಿ, ಒತ್ತಕ್ಷರಗಳೆಲ್ಲ ಒಡೆದು ಕೂತಿವೆ. ನಮ್ಮೂರು ಮನ್ನಳ್ಳಿ 'ಮನ್‌ನಳ್‌ಳಿ' ಆಗಿತ್ತು. ಮೂರು ಅಕ್ಷರದ ಊರಿಗೆ ಎರಡು ಒತ್ತು ಇದ್ದರೆ ಹೀಗೇ ಆಗೋದು :) ಕೊನೆಗೆ ಎಲ್ಲರಿಗೂ ಇಂಗ್ಲಿಷ್ ಚೀಟಿಯೇ ಗತಿಯಾಯ್ತು. ಕನ್ನಡ ತಂದವರ ಕೊರಳಲ್ಲೇ ಕನ್ನಡ ಇಲ್ಲ!

ಮಧ್ಯಾಹ್ನದ ಗೋಷ್ಠಿಯಲ್ಲಿ 'ಸೇವ್' ಅನ್ನೋದಕ್ಕೆ 'ಉಳಿಸು' ಅನ್ನಬೇಕೋ 'ಕಾದಿಡು' ಅನ್ನಬೇಕೋ ಅಂತ ಒಂದು ಗಂಟೆ ಜಗ್ಗಾಟ ನಡೆಯಿತು. ಅದು ಮುಗಿದ ಮೇಲೆ ಭಾಲ್ಕಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಚಹಾ ಹಿಡಿದುಕೊಂಡು ನನ್ನ ಹತ್ತಿರ ಬಂದರು. ನಾನು ಬೀದರ್ ಕಡೆಯವನು ಅಂತ ಅವರಿಗೆ ಮಾತಿನಲ್ಲೇ ಗೊತ್ತಾಗಿತ್ತು.

"ತಮ್ಮಾ, ಒಂದ್ ಮಾತ್ ಕೇಳ್ತೀನಿ. ಎರಡು ವರ್ಷ ಕೂತು ಪದ ಹಾಕೀವಿ. ನಾಳೆ ನಿಮ್ಮ ಕಂಪನಿ ಇದನ್ನ ಬಂದ್ ಮಾಡ್ತು ಅಂದ್ರ ಅವೆಲ್ಲಾ ಎಲ್ಲಿ ಹೋಗ್ತಾವ? ನಮಗ ವಾಪಸ್ ಸಿಗ್ತಾವೇನು?"

ನಾನು ಸಂಬಳ ತಗೊಳ್ಳೋ ಮನುಷ್ಯ. ಉತ್ತರ ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. "ಕೇಳಿ ಹೇಳ್ತೀನ್ರಿ ಮಾಸ್ತರ್ರ" ಅಂದೆ. ಅವರು ನಕ್ಕು ಚಹಾ ಮುಗಿಸಿದರು. ಆ ನಗು ನನ್ನನ್ನು ಬಿಡಲಿಲ್ಲ.

ಆ ವಾರದ ಕೊನೆಗೆ ಊರಿಗೆ ಹೋದೆ. ಬೀದರಿನಲ್ಲಿ ಇಳಿದು ಮನ್ನಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು, ಚೌಬಾರಾ ದಾಟಿ ಮಹಮೂದ್ ಗವಾನನ ಮದರಸಾದ ಕಡೆ ನಡೆದೆ. ಚಿಕ್ಕವನಿದ್ದಾಗ ಮುತ್ಯಾನ ಕೈ ಹಿಡಿದು ಎಷ್ಟೋ ಸಲ ಹೋದ ಜಾಗ. ಮುತ್ಯಾ ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರು. ಅಲ್ಲಿ ನಿಂತರೆ, "ನೋಡ್ ತಮ್ಮಾ, ಎಲ್ಲೆಲ್ಲಿಂದೋ ಮಂದಿ ಓದಲಿಕ್ಕ ನಮ್ಮ ಬೀದರಿಗೆ ಬರ್ತಿದ್ರು" ಅಂತ ತಪ್ಪದೆ ಹೇಳೋರು. ಈ ಸಲ ಕಲ್ಲಿನ ಮೇಲೆ ಕೂತು ಯೋಚನೆ ಮಾಡಿದೆ: ಇಲ್ಲೂ ಒಂದು ಸಮುದಾಯ ಸಮಾವೇಶವೇ ಅಲ್ಲವಾ ನಡೆದದ್ದು? ಎರಡು ದಿನದ್ದಲ್ಲ, ವರ್ಷಗಟ್ಟಲೆಯದು.

ಗವಾನ್ ಇರಾನಿನ ಗೀಲಾನ್ ಪ್ರಾಂತದವನು. 1453ರ ಸುಮಾರಿಗೆ ಕೊಂಕಣದ ದಾಭೋಳ ಬಂದರಿಗೆ ವ್ಯಾಪಾರಿಯಾಗಿ ಬಂದಿಳಿದ. ಆಗಲೇ ನಲವತ್ತು ದಾಟಿದ್ದ. ಅಲ್ಲಿಂದ ಬಹಮನಿ ರಾಜಧಾನಿ ಬೀದರಿಗೆ ಬಂದು, ಆಸ್ಥಾನ ಸೇರಿ, ಮೂವರು ಸುಲ್ತಾನರ ಕೈಕೆಳಗೆ ಮೇಲೇರುತ್ತಾ ವಜೀರನಾದ. ಅಂದರೆ ಅವನೂ ನನ್ನ ಹಾಗೆ ನೌಕರನೇ, ಹುದ್ದೆ ಮಾತ್ರ ಸ್ವಲ್ಪ ದೊಡ್ಡದು. 1472ರಲ್ಲಿ ಮದರಸಾ ಕಟ್ಟಿಸಿದ. ಮೂರು ಅಂತಸ್ತು, ಮುಂಭಾಗದ ತುಂಬ ಬಣ್ಣದ ಹೆಂಚು, ಎರಡು ಮೂಲೆಗೆ ಎರಡು ಮಿನಾರು. ಒಳಗೆ ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ. ಓದುವವರಿಗೂ ಓದಿಸುವವರಿಗೂ ಊಟ, ವಸತಿ ಪುಕ್ಕಟೆ. ಟೀ ಶರ್ಟು ಒಂದಿರಲಿಲ್ಲ ಅಷ್ಟೇ.

ಕರೆಯೋದರಲ್ಲೂ ಅವನದು ಎತ್ತಿದ ಕೈ. ಹೆಸರಾಂತ ವಿದ್ವಾಂಸರಿಗೆ ಪತ್ರ ಬರೆದು ಬೀದರಿಗೆ ಬನ್ನಿ ಅಂತ ಕೇಳಿಕೊಳ್ಳುತ್ತಿದ್ದ. ಹೆರಾತ್‌ನ ದೊಡ್ಡ ಪಾರ್ಸಿ ಕವಿ ಜಾಮಿಗೂ ಕರೆ ಹೋಗಿತ್ತು. ಜಾಮಿ ಬರಲಿಲ್ಲ, ಆದರೆ ಪತ್ರವ್ಯವಹಾರ ನಡೆಯಿತು. ಗವಾನ್ ಬರೆದ ಪತ್ರಗಳು 'ರಿಯಾಜುಲ್ ಇನ್ಶಾ' ಅನ್ನುವ ಸಂಗ್ರಹವಾದವು.

ಆಮೇಲೇನಾಯ್ತು? ಆಸ್ಥಾನದಲ್ಲಿ ಎರಡು ಬಣ. ಗವಾನನ ಹಾಗೆ ಹೊರಗಿಂದ ಬಂದ ಆಫಾಕಿಗಳು ಒಂದು ಕಡೆ, ಮೊದಲಿಂದ ಇಲ್ಲೇ ಇದ್ದ ದಖ್ಖನಿಗಳು ಇನ್ನೊಂದು ಕಡೆ. ಗವಾನ್ ರಾಜ್ಯದ ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ, ಪ್ರಾಂತಾಧಿಪತಿಗಳ ಕೈಯಲ್ಲಿದ್ದ ಕೋಟೆಗಳನ್ನು ಕಡಿಮೆ ಮಾಡಿದ. ಅಧಿಕಾರ ಕಳಕೊಂಡವರು ಸುಮ್ಮನಿರುತ್ತಾರಾ? ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಕೂತು ಇತಿಹಾಸ ಬರೆದ ಫೆರಿಶ್ತಾ ಹೇಳುವ ಪ್ರಕಾರ, ಗವಾನನ ಮುದ್ರೆ ಕಾಯುವವನಿಗೆ ಕುಡಿಸಿ ಒಂದು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒಡಿಶಾದ ರಾಜನಿಗೆ 'ದಂಡೆತ್ತಿ ಬಾ' ಅಂತ ಬರೆದು ಸುಲ್ತಾನನಿಗೆ ತೋರಿಸಿದರು. ಮುದ್ರೆ ನನ್ನದು, ಪತ್ರ ನನ್ನದಲ್ಲ ಅಂತ ಗವಾನ್ ಹೇಳಿದ. ಕೇಳುವವರಿರಲಿಲ್ಲ. 1481ರ ಏಪ್ರಿಲ್ 5ರಂದು ತಲೆ ಹೋಯಿತು. ಪಾಸ್‌ವರ್ಡ್ ಬೇರೆಯವರ ಕೈಗೆ ಕೊಡಬೇಡಿ ಅಂತ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಪಾಠ ಮಾಡ್ತಾರಲ್ಲ, ಆಗೆಲ್ಲ ನನಗೆ ನೆನಪಾಗೋದು ಇವನೇ.

ಮುಂದಿನ ವರ್ಷ ಸುಲ್ತಾನನೂ ತೀರಿಕೊಂಡ. ಕ್ರಮೇಣ ರಾಜ್ಯ ಒಡೆದು ಐದಾಯಿತು. 1657ರಲ್ಲಿ ಬೀದರ್ ಮೊಗಲರ ವಶವಾಯಿತು. ಅವರ ಕಾಲದಲ್ಲೇ, 1696ರಲ್ಲಿ, ಸಿಡಿಮದ್ದು ಸಿಡಿದು ಮದರಸಾದ ಒಂದು ಪಕ್ಕ ಕುಸಿಯಿತು. ಈಗ ನಿಂತಿರೋದು ಒಂದೇ ಮಿನಾರು. ಮೂರು ಸಾವಿರ ಹಸ್ತಪ್ರತಿಗಳಿದ್ದ ಆ ಗ್ರಂಥಾಲಯ ಇವತ್ತು ಅಲ್ಲಿಲ್ಲ. ಆದರೆ ಗವಾನನ ಪತ್ರಗಳು ಉಳಿದವು! ಯಾಕೆಂದರೆ ಪತ್ರ ಬರೆಯೋದು ಹೇಗೆ ಅಂತ ಕಲಿಯೋರು ಅವನ್ನು ಪ್ರತಿ ಮಾಡಿಕೊಂಡರು. ಪ್ರತಿಗಳು ಬೇರೆ ಬೇರೆ ಊರು ಸೇರಿದವು. ಕಳೆದ ಶತಮಾನದಲ್ಲಿ ಹೈದರಾಬಾದಿನಲ್ಲಿ ಅಚ್ಚೂ ಆದವು. ಒಂದೇ ಕಟ್ಟಡದಲ್ಲಿ ಇದ್ದದ್ದು ಕಟ್ಟಡದ ಜೊತೆ ಹೋಯಿತು, ಹತ್ತು ಕೈ ಸೇರಿದ್ದು ಉಳಿಯಿತು.

ಇದನ್ನ ಇಲ್ಲಿಗೆ ತಂದು ನೋಡಿ. ಕನ್ನಡ ಕಂಪ್ಯೂಟರಿಗೆ ಬಂದ ಕಥೆಯೂ ಬಹುಪಾಲು ಇದೇ. ಕೆ. ಪಿ. ರಾವ್ ಅವರು ಸರಳವಾದ ಕೀಲಿಮಣೆ ವಿನ್ಯಾಸ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟರು. 1996ರಲ್ಲಿ ಪವನಜ ಅವರ 'ವಿಶ್ವಕನ್ನಡ' ಅಂತರಜಾಲಕ್ಕೆ ಬಂತು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಇವರೆಲ್ಲ ಇಲ್ಲದಿದ್ದರೆ ನಾವ್ಯಾರೂ ಇಲ್ಲಿ ಇರುತ್ತಿರಲಿಲ್ಲ.

ಆದರೆ ಆ ಕಾಲದ ಫಾಂಟುಗಳದ್ದು ಒಂದು ತೊಂದರೆ ಇತ್ತು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳವು. ಒಬ್ಬೊಬ್ಬರದು ಒಂದೊಂದು ಜೋಡಣೆ. ಆ ಫಾಂಟು ನಿಮ್ಮಲ್ಲಿದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಹಳೇ ನುಡಿ ಕಡತವನ್ನು ಫಾಂಟಿಲ್ಲದೆ ತೆರೆದು ನೋಡಿ, 'ಕನ್ನಡ' ಅನ್ನೋ ಪದದ ನಡುವೆ ಬ್ರಿಟಿಷರ ಪೌಂಡಿನ ಗುರುತು ಕೂತಿರುತ್ತೆ. ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ನಾನು ಬರೆದ ಮೊದಲ ಪದ್ಯ ಹಾಗೇ ಪೌಂಡುಗಳ ನಡುವೆ ಸಿಕ್ಕಿಕೊಂಡಿದೆ (ಪದ್ಯ ಕೆಟ್ಟದಾಗಿತ್ತು, ನಷ್ಟವೇನಿಲ್ಲ).

ಯೂನಿಕೋಡ್ ಈ ಗಂಟನ್ನು ಬಿಡಿಸಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಜಾಗ ಸಿಕ್ಕಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಫಾಂಟು ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು, 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡವನ್ನು ಸೇರಿಸಿಕೊಂಡಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಯೂನಿಕೋಡನ್ನು ಕಟ್ಟಿದ ಒಕ್ಕೂಟ ದೊಡ್ಡ ದೊಡ್ಡ ಕಂಪನಿಗಳದ್ದೇ. ಹಾಗಾಗಿ ಕಂಪನಿ ಕೆಟ್ಟದ್ದು, ಸಮುದಾಯ ಒಳ್ಳೇದು ಅಂತ ಹೇಳೋಕೆ ನಾನು ಹೊರಟಿಲ್ಲ. ಗವಾನ್ ಇಲ್ಲದೆ ಮದರಸಾ ಇಲ್ಲ. ಯಾರೋ ಒಬ್ಬರು ಮನೆ ಕಟ್ಟಿ ಕರೆಯಲೇಬೇಕು. ಮನೆಯಲ್ಲಿಟ್ಟದ್ದನ್ನು ಹೊರಗೆ ಒಯ್ಯಲು ಬಾಗಿಲಿದೆಯಾ ಅನ್ನೋದಷ್ಟೇ ಪ್ರಶ್ನೆ. ಕನ್ನಡ ವಿಕಿಪೀಡಿಯದ ಅಷ್ಟೂ ಲೇಖನಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎಲ್ಲಾ ಕಡೆ ಹಾಗಿಲ್ಲ. ಜನ ಪುಕ್ಕಟೆ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿತು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಹೋಯಿತು, 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್. ನಮ್ಮಲ್ಲಿ ಎಷ್ಟು ಜನರ ಜಗಳ, ಹರಟೆ, ಪ್ರೇಮ ಅಲ್ಲಿ ಮುಳುಗಿದೆ ಅಂತ ನಿಮಗೇ ಗೊತ್ತು.

ಬೆಂಗಳೂರಿಗೆ ವಾಪಸ್ ಬಂದು ಸಂಬಂಧಪಟ್ಟವರಿಗೆ ಮೇಲ್ ಹಾಕಿದೆ: ಸ್ವಯಂಸೇವಕರು ಹಾಕಿದ ಪದಗಳನ್ನು ಅವರೇ ಇಳಿಸಿಕೊಳ್ಳುವ ಸೌಲಭ್ಯ ಇದೆಯಾ? ಎರಡು ವಾರದ ಮೇಲೆ ಉತ್ತರ ಬಂತು. ಸದ್ಯಕ್ಕಿಲ್ಲ, ಮುಂದೆ ನೋಡೋಣ. ಅದನ್ನು ನಾನೇ ಬರೆದು ಕೊಡ್ತೀನಿ ಅಂತ ಮತ್ತೆ ಮೇಲ್ ಹಾಕಿದ್ದೀನಿ. ಅದಕ್ಕಿನ್ನೂ ಉತ್ತರ ಬಂದಿಲ್ಲ.

ಮಾಸ್ತರರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ.

"ಇರಲಿ ಬಿಡು ತಮ್ಮಾ, ನೀ ಖರೇ ಹೇಳ್ದಿ. ನಾ ಎಲ್ಲಾ ಒಂದು ವಹಿಯೊಳಗ ಬರೆದಿಟ್ಟೀನಿ. ಇಂಗ್ಲಿಷ್ ಒಂದು ಕಡೆ, ಕನ್ನಡ ಒಂದು ಕಡೆ."

ನಾನ್ನೂರು ಪುಟದ ವಹಿಯಂತೆ. ಮುಂದಿನ ಸಲ ಊರಿಗೆ ಹೋದಾಗ ಭಾಲ್ಕಿಗೆ ಹೋಗಿ ಫೋಟೋ ತೆಗೆದುಕೊಂಡು ಬರ್ತೀನಿ, ಆಮೇಲೆ ಕೂತು ಟೈಪ್ ಮಾಡೋದು. ಯಾರಾದರೂ ಕೈ ಜೋಡಿಸೋ ಹಾಗಿದ್ದರೆ ಹೇಳಿ, ಪುಟ ಹಂಚಿಕೊಳ್ಳೋಣ.

ಅಂದ ಹಾಗೆ, ನಾವೆಲ್ಲ ಬರೀತಾ ಇರೋದೂ ಇನ್ನೊಬ್ಬರ ಪುಕ್ಕಟೆ ಮನೆಯಲ್ಲೇ. ಇಲ್ಲಿ ಬಾಗಿಲಿದೆ, ನಾವು ಉಪಯೋಗಿಸಲ್ಲ ಅಷ್ಟೇ. ಹೊಂದಿಕೆಗಳ ಪುಟಕ್ಕೆ ಹೋಗಿ ನಿಮ್ಮ ಬ್ಲಾಗಿನ ಒಂದು ಪ್ರತಿ ಇವತ್ತೇ ಇಳಿಸಿಟ್ಟುಕೊಳ್ಳಿ. ಆರು ವರ್ಷದಿಂದ ಬರೀತಿರೋ ನಾನು ಒಮ್ಮೆಯೂ ಮಾಡಿರಲಿಲ್ಲ. ಇದನ್ನ ಪ್ರಕಟಿಸಿ ಅದನ್ನೇ ಮಾಡೋಕೆ ಹೊರಟೆ.