‘ಟಾರ್’ ಫೈಲಿನೊಳಗಿನ ಟೇಪು, ಮಲೆನಾಡಿನ ಮಳೆ

ಲಿನಕ್ಸ್ ಮುಟ್ಟಿದವರಿಗೆಲ್ಲ ‘ಟಾರ್’ ಅನ್ನೋ ಕಮಾಂಡ್ ಗೊತ್ತಿರುತ್ತೆ. ‘ಟೇಪ್ ಆರ್ಕೈವ್’ ಅನ್ನೋದರ ಮೊಟಕು ರೂಪ ಅದು. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಬಂತು. ರೀಲು ಮರೆಯಾಯ್ತು, ಹೆಸರು ಉಳೀತು.

ಆ ರೀಲು ಹೇಗಿತ್ತು? ಊಟದ ತಟ್ಟೆಯಷ್ಟು ದೊಡ್ಡದು. ಟೇಪು ಅರ್ಧ ಇಂಚು ಅಗಲ, 2400 ಅಡಿ ಉದ್ದ. 1964ರಲ್ಲಿ ಐಬಿಎಂನ ಸಿಸ್ಟಂ/360 ಜೊತೆ ಬಂದ ಈ ಒಂಬತ್ತು ಟ್ರ್ಯಾಕ್ ಟೇಪೇ ಮುಂದೆ ಯುನಿಕ್ಸ್ ಸರ್ವರ್‌ಗಳಿಗೂ ಬ್ಯಾಕಪ್ ಆಯ್ತು. ಇಂಚಿಗೆ 1600 ಅಕ್ಷರದ ಲೆಕ್ಕದಲ್ಲಿ ಒಂದು ರೀಲು ಹಿಡೀತಿದ್ದದ್ದು ಸುಮಾರು 40 ಎಂಬಿ. ಇವತ್ತಿನ ಫೋನಿನ ಹತ್ತು ಫೋಟೋ ಅಷ್ಟೇ!

ಡ್ರೈವ್ ಓದದಿದ್ರೆ? ಮೊದಲು ಅದು ಆನ್‌ಲೈನ್ ಇದೆಯಾ ನೋಡಬೇಕು. ಟೇಪಿನ ಶುರುವಿಗೆ ಅಂಟಿಸಿರೋ ಹೊಳೆಯೋ ಚೂರು ಬಿದ್ದುಹೋಗಿದ್ರೆ, ಎಲ್ಲಿಂದ ಓದಬೇಕು ಅಂತ ಯಂತ್ರಕ್ಕೆ ತಿಳಿಯಲ್ಲ. ಹೆಡ್ ಕೊಳೆಯಾಗಿದ್ರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬೇಕು. ಆಮೇಲೆ ಬ್ಲಾಕ್ ಸೈಜ್. ಬರೆದದ್ದು 10240 ಬೈಟ್‌ನ ಬ್ಲಾಕು, ಓದೋಕೆ ಕೇಳಿದ್ದು 512 ಅಂದ್ರೆ ಟೇಪು ಚೆನ್ನಾಗಿದ್ರೂ ಎರರ್ ಬರಬಹುದು. ಇದೆಲ್ಲ ಸರಿಯಿದ್ದೂ ಹೆಡ್ ಮೇಲೆ ಮತ್ತೆ ಮತ್ತೆ ಕಂದು ಅಂಟು ಕೂತರೆ, ಕೆಟ್ಟಿರೋದು ಯಂತ್ರ ಅಲ್ಲ, ಟೇಪು.

ಇಲ್ಲಿಂದ ಕಥೆ ಸಾಗರ, ಹೊಸನಗರ, ತೀರ್ಥಹಳ್ಳಿಗೆ ಬರುತ್ತೆ. ಕಂಪ್ಯೂಟರ್ ಟೇಪಾಗಲಿ, ತಾಳಮದ್ದಲೆ ರೆಕಾರ್ಡ್ ಮಾಡಿದ ರೀಲಾಗಲಿ, ತಯಾರಾಗೋ ಬಗೆ ಒಂದೇ. ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿ, ಎರಡನ್ನೂ ಹಿಡಿದಿಡೋ ಅಂಟು. 1970, 80ರ ದಶಕದ ಎಷ್ಟೋ ಟೇಪುಗಳಲ್ಲಿ ಈ ಅಂಟು ಗಾಳಿಯ ತೇವ ಹೀರಿ ಹಾಳಾಗುತ್ತೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಉಪ್ಪೇ ನೀರಾಗೋ ಊರಲ್ಲಿ ಟೇಪಿನ ಪಾಡು ಏನು, ಯೋಚಿಸಿ.

ಇದಕ್ಕೆ ಮದ್ದಿದೆ. ಮಲೆನಾಡಿನವರು ಒಲೆ ಮೇಲಿನ ಅಟ್ಟದಲ್ಲಿ ಸಾಮಾನು ಬೆಚ್ಚಗಿಟ್ಟ ಹಾಗೆ, ಪರಿಣತರು ಟೇಪನ್ನ ಸುಮಾರು 54 ಡಿಗ್ರಿ ಶಾಖದಲ್ಲಿ ಎಂಟು ಗಂಟೆಗೂ ಹೆಚ್ಚು ಕಾಲ ಇಡ್ತಾರೆ. ಅಂಟು ಸ್ವಲ್ಪ ಕಾಲ ಗಟ್ಟಿಯಾಗುತ್ತೆ, ಅಷ್ಟರೊಳಗೆ ಕಾಪಿ ಮಾಡ್ಕೋಬೇಕು. ಮನೆಯ ಓವನ್‌ನಲ್ಲಿ ಮಾತ್ರ ಬೇಡ. ಅದಕ್ಕಿಂತ ಹಳೆಯ ಅಸಿಟೇಟ್ ಟೇಪಿಗಂತೂ ಈ ಶಾಖವೇ ವಿಷ.

ಇಷ್ಟೆಲ್ಲ ಯಾಕೆ ಅಂತೀರಾ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರದ ಎಷ್ಟೋ ಹಳ್ಳಿ ಶರಾವತಿ ಹಿನ್ನೀರಿಗೆ ಹೋದವು. ಆ ಊರುಗಳನ್ನ ಕಣ್ಣಾರೆ ಕಂಡವರು ಈಗ ಕಮ್ಮಿಯಾಗ್ತಿದ್ದಾರೆ. ಅವರ ಮಾತೋ ಹಾಡೋ ಯಾವುದೋ ಟೇಪಿನಲ್ಲಿದ್ದರೆ, ಆ ಊರಿಗೆ ಉಳಿದಿರೋ ದಾಖಲೆ ಅದೇ ಇರಬಹುದು. ನಾಸಾದಂಥ ನಾಸಾವೇ ಅಪೊಲೊ 11ರ ಮೂಲ ಟೇಪುಗಳನ್ನ ಅಳಿಸಿ ಮರುಬಳಕೆ ಮಾಡಿರಬೇಕು ಅಂತ 2009ರಲ್ಲಿ ಒಪ್ಪಿಕೊಂಡಿತು. ಅಟ್ಟದ ಡಬ್ಬಿಗೆ ಅಂಥ ಗತಿ ಬರೋದು ಇನ್ನೂ ಸುಲಭ.

ಹಾಗಾಗಿ ಹಳೇ ರೀಲು ಸಿಕ್ಕರೆ ಎಸೀಬೇಡಿ. ನೋಡೋಣ ಅಂತ ಪ್ಲೇಯರಿಗೂ ಹಾಕ್ಬೇಡಿ, ಅಂಟಿದ ಟೇಪಿನಿಂದ ಪುಡಿಯ ಜೊತೆ ದನಿಯೂ ಉದುರುತ್ತೆ. ಒಣಗಿದ ಜಾಗದಲ್ಲಿ ನಿಲ್ಲಿಸಿಡಿ. ಡಬ್ಬಿ ಮೇಲೆ ಯಾರ ದನಿ, ಯಾವ ಊರು, ಯಾವ ವರ್ಷ ಅಂತ ಬರೆಯಿರಿ. ಅದನ್ನ ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಮಳೆಗಾಲಕ್ಕೆ ಮೊದಲೇ ಕೇಳಿಬಿಡಿ.