ಸುಲ್ತಾನ್ ಖಾನ್–ಕಾಪಾಬ್ಲಾಂಕಾ ಪಂದ್ಯ

ಇಂಗ್ಲೆಂಡಿನ ಕರಾವಳಿ ಪಟ್ಟಣ ಹೇಸ್ಟಿಂಗ್ಸ್‌ನ 1930–31ರ ಚದುರಂಗ ಟೂರ್ನಿಯಲ್ಲಿ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಮಾಜಿ ವಿಶ್ವ ಚಾಂಪಿಯನ್, ಕ್ಯೂಬಾದ ಹೊಸೆ ರೌಲ್ ಕಾಪಾಬ್ಲಾಂಕಾರನ್ನು 65 ನಡೆಗಳಲ್ಲಿ ಸೋಲಿಸಿದ ಪಂದ್ಯ. ಆರಂಭದ ನಡೆಗಳು ಕ್ವೀನ್ಸ್ ಇಂಡಿಯನ್ ಡಿಫೆನ್ಸ್ ವರ್ಗಕ್ಕೆ ಸೇರುತ್ತವೆ.

ಖಾನ್ ಮೊದಲು ಕಲಿತದ್ದು ನಮ್ಮ ನಾಡಿನ ಹಳೆಯ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಸರಿಯುತ್ತದೆ. ಹಾಗಾಗಿ ಪಟದ ನಡುವೆ ಕಾಲಾಳುಗಳು ಕೂಡಲೇ ಢಿಕ್ಕಿಯಾಗುವುದಿಲ್ಲ. ದೂರದಿಂದಲೇ ನಡುಮನೆಗಳನ್ನು ಕಾಯುವ ಆಟ ಬೆಳೆಯುತ್ತದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಸಂಚಾರಗಳನ್ನು ರಚಿಸುತ್ತಿದ್ದ ಕಾಲದಲ್ಲೇ, ಕೋಲ್ಕತ್ತದಲ್ಲಿ ಮಹೇಶಚಂದ್ರ ಬ್ಯಾನರ್ಜಿ ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ಎದುರು ಇದೇ ಬಗೆಯ ರಕ್ಷಣೆ ಆಡುತ್ತಿದ್ದರು. ಇಂದಿನ ಇಂಡಿಯನ್ ಡಿಫೆನ್ಸ್‌ಗಳ ಹಿಂದೆ ಈ ಆಟಗಳಿವೆ.

ಹೇಸ್ಟಿಂಗ್ಸ್‌ನಲ್ಲಿ ಆ ರಕ್ಷಣೆಯನ್ನು ಆರಿಸಿಕೊಂಡವರು ಕಾಪಾಬ್ಲಾಂಕಾ. ಬಿಳಿ ಕಾಯಿ ಹಿಡಿದು ಅದನ್ನು ಎದುರಿಸಿದವರು ಖಾನ್. ಕಪ್ಪು ಒಂಟೆ ಬಿ7 ಮನೆಯಲ್ಲಿ ನಿಂತು ಕರ್ಣರೇಖೆಯುದ್ದಕ್ಕೂ ಇ4ನ್ನು ಕಾಯತೊಡಗಿತು. ಐದನೆಯ ನಡೆಯಲ್ಲಿ ಖಾನ್ ಅಂಚಿನ ಕಾಲಾಳನ್ನು ಎ3ಗೆ ಸರಿಸಿ, ಇನ್ನೊಂದು ಕಪ್ಪು ಒಂಟೆ ಬಿ4ಗೆ ಬಾರದಂತೆ ತಡೆದರು. ಮೇಲ್ನೋಟಕ್ಕೆ ಸಪ್ಪೆಯೆನಿಸುವ ಈ ನಡೆಯ ಮೇಲೆ ಮುಂದೆ ಪೆಟ್ರೋಸಿಯಾನ್, ಕಾಸ್ಪರೋವ್ ಒಂದು ಪದ್ಧತಿಯನ್ನೇ ಕಟ್ಟಿದರು.

ಪಂದ್ಯದ ತಿರುವು ಬಂದದ್ದು ಸಿ ಸಾಲಿನಲ್ಲಿ. ಕಾಪಾಬ್ಲಾಂಕಾರ ಎರಡೂ ಆನೆಗಳು ಅಲ್ಲಿಂದ ಒಳನುಗ್ಗಿ ರಾಜನಿಗೆ ಚೆಕ್ ಕೊಟ್ಟವು. ಖಾನ್ 23, 24ನೆಯ ನಡೆಗಳಲ್ಲಿ ತಮ್ಮ ಮಂತ್ರಿಯನ್ನು ಕೊಟ್ಟು ಆ ಎರಡು ಆನೆಗಳನ್ನೂ ಪಡೆದರು. ನಡುವಿನ ಕಾಲಾಳುಗಳು ಒಂದಕ್ಕೊಂದು ಅಡ್ಡ ನಿಂತಿದ್ದರಿಂದ ಒಳಬಂದ ಕಪ್ಪು ಮಂತ್ರಿಗೆ ಮಾಡಲು ಹೆಚ್ಚೇನೂ ಸಿಗಲಿಲ್ಲ. ಅಲ್ಲಿಂದ ಮುಂದಿನ ನಲವತ್ತು ನಡೆಗಳ ಬಿಗಿಹಿಡಿತವೇ ಈ ಪಂದ್ಯದ ನಿಜವಾದ ಸೊಗಸು. ಕಾಪಾಬ್ಲಾಂಕಾರಂಥ ರಕ್ಷಣಾ ನಿಪುಣರಿಗೂ ಅದರಿಂದ ಬಿಡಿಸಿಕೊಳ್ಳಲಾಗಲಿಲ್ಲ.

ಟೂರ್ನಿಯಲ್ಲಿ ಮ್ಯಾಕ್ಸ್ ಯೂವೆ ಮೊದಲಿಗರು, ಕಾಪಾಬ್ಲಾಂಕಾ ಎರಡನೆಯವರು, ಖಾನ್ ಮೂರನೆಯವರು. 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆಗಿದ್ದ ಖಾನ್ ತಮ್ಮ ಆಶ್ರಯದಾತ ಉಮರ್ ಹಯಾತ್ ಖಾನ್ ಜೊತೆ ಊರಿಗೆ ಮರಳಿದ ಮೇಲೆ ಅಂತರರಾಷ್ಟ್ರೀಯ ಟೂರ್ನಿಗಳಿಂದ ದೂರವಾದರು. 1966ರಲ್ಲಿ ತೀರಿಕೊಂಡ ಅವರಿಗೆ ವಿಶ್ವ ಚದುರಂಗ ಸಂಸ್ಥೆ ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿದ್ದು 2024ರಲ್ಲಿ.