ಸಣಕಲು ಮೈಯಲ್ಲೂ ಸಕ್ಕರೆ ಕಾಯಿಲೆ

ರಕ್ತದಲ್ಲಿ ಗ್ಲೂಕೋಸ್ ಪ್ರಮಾಣ ಏರಿ, ಇಳಿಯದೆ ನಿಲ್ಲುವ ಸ್ಥಿತಿಯೇ ಮಧುಮೇಹ. ಜನ ಇದನ್ನು ಸಕ್ಕರೆ ಕಾಯಿಲೆ ಎನ್ನುತ್ತಾರೆ, ಇನ್ನೂ ಚಿಕ್ಕದಾಗಿ ಶುಗರ್ ಎನ್ನುತ್ತಾರೆ. ಇದು ಉಂಡು ಕೂತವರ ಕಾಯಿಲೆ, ಮೈ ಬಂದವರ ಕಾಯಿಲೆ ಎಂಬ ನಂಬಿಕೆ ಹಳೆಯದು. ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದಂಥ ಕಡೆ ಆ ನಂಬಿಕೆ ದಾರಿ ತಪ್ಪಿಸಬಹುದು. ಆಂಧ್ರದ ಗಡಿಗೆ ಹತ್ತಿರದ, ವೇದಾವತಿ ಹರಿಯುವ ಈ ಸೀಮೆ ಶೇಂಗಾ ಬೆಳೆಯುವ ಬಯಲು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನವು. ಬರ ಕಂಡ ಇಂಥ ನೆಲದಲ್ಲಿ ಕಾಯಿಲೆಯ ಬೇರು ಹೊಟ್ಟೆ ತುಂಬಿದ್ದರಲ್ಲಿ ಮಾತ್ರವಲ್ಲ, ಹೊಟ್ಟೆ ತುಂಬದೇ ಹೋದದ್ದರಲ್ಲೂ ಇರಬಹುದು ಎನ್ನುತ್ತವೆ ಈಚಿನ ಸಂಶೋಧನೆಗಳು.

ಇನ್ಸುಲಿನ್ ಮಾಡುವ ಕೆಲಸ

ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಉಂಡ ಮುದ್ದೆ ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಬಂದಾಗ, ಅದು ಸ್ನಾಯು ಮತ್ತು ಕೊಬ್ಬಿನ ಕೋಶಗಳ ಒಳಗೆ ಹೋಗಲು ಇನ್ಸುಲಿನ್ ದಾರಿ ಮಾಡಿಕೊಡುತ್ತದೆ. ಪಿತ್ತಜನಕಾಂಗ ತಾನೇ ಗ್ಲೂಕೋಸ್ ತಯಾರಿಸಿ ಹೊರಬಿಡುವುದನ್ನೂ ಇನ್ಸುಲಿನ್ ಹತೋಟಿಯಲ್ಲಿಡುತ್ತದೆ.

ಈ ವ್ಯವಸ್ಥೆ ಹಲವು ಬಗೆಯಲ್ಲಿ ಕೆಡುತ್ತದೆ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ಕೋಶಗಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ, ಬರಬರುತ್ತ ಸ್ರವಿಕೆಯೂ ಕುಗ್ಗುತ್ತದೆ. ಗರ್ಭಿಣಿಯಲ್ಲಿ ಮೊದಲ ಸಲ ಕಾಣಿಸಿಕೊಳ್ಳುವುದು ಗರ್ಭಾವಸ್ಥೆಯ ಮಧುಮೇಹ.

ತೂಕ ಕಡಿಮೆ, ಕೊಬ್ಬು ಹೆಚ್ಚು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಎಲ್ಲರೂ ದಪ್ಪಗಿರುವವರಲ್ಲ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಅಲ್ಲಿನ ಸುತ್ತಮುತ್ತಲ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳ ಜೊತೆ ಹೋಲಿಸಿ ನೋಡಿದರು. ನಮ್ಮ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಅಲ್ಲಿನವರದು 3.5 ಕಿಲೋ. ನಮ್ಮ ಮಕ್ಕಳಲ್ಲಿ ಸ್ನಾಯು ತೀರಾ ಕಡಿಮೆಯಿತ್ತು, ಆದರೆ ಚರ್ಮದಡಿಯ ಕೊಬ್ಬು ಆ ಮಟ್ಟಿಗೆ ಕಡಿಮೆಯಿರಲಿಲ್ಲ. ನೋಡಲು ತೆಳ್ಳಗೆ, ಒಳಗೆ ಕೊಬ್ಬು: ಈ ಮೈಕಟ್ಟು ಹುಟ್ಟಿನಿಂದಲೇ ಬರುತ್ತದೆ. ಆದ್ದರಿಂದಲೇ ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 23 ದಾಟಿದರೆ ಹೆಚ್ಚು ತೂಕ ಎಂದು ಎಣಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕು.

ಮೈಸೂರಿನ ಹೆರಿಗೆ ದಾಖಲೆ

ಈ ವಿಷಯದಲ್ಲಿ ಕರ್ನಾಟಕದ ದೊಡ್ಡ ಕೊಡುಗೆ ಬಂದದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿಂದ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆಯಿಂದ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆ ಹಿಡಿದು, ಅಷ್ಟರಲ್ಲಿ ನಡುವಯಸ್ಸಿಗೆ ಬಂದಿದ್ದ ಆ ಮಕ್ಕಳನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ಮಧುಮೇಹದ ಲೆಕ್ಕ ಬೇರೆಯಾಗಿತ್ತು: ಉದ್ದ ಕಡಿಮೆಯಿದ್ದು, ಉದ್ದಕ್ಕೆ ಮೀರಿ ದುಂಡಗೆ ಹುಟ್ಟಿದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಅದು ಹೆಚ್ಚು ಕಂಡಿತು. ಹಾಗಾದರೆ ಬಸುರಿನಲ್ಲೇ ತಾಯಂದಿರಿಗೆ ಸಕ್ಕರೆ ಏರಿತ್ತೇ?

ಅದನ್ನು ಅರಿಯಲು 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ಶೇ. 6ರಷ್ಟು ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಜಿ. ವಿ. ಕೃಷ್ಣವೇಣಿ, ಕ್ಯಾರೋಲಿನ್ ಫಾಲ್ ಮುಂತಾದವರು ಆ ಗರ್ಭಿಣಿಯರಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ವರ್ಷವರ್ಷವೂ ಗಮನಿಸಿದರು. ಸಕ್ಕರೆ ಇದ್ದ ತಾಯಂದಿರ ಮಕ್ಕಳಲ್ಲಿ ಹತ್ತು ವರ್ಷ ತುಂಬುವ ಮೊದಲೇ ಕೊಬ್ಬು, ಇನ್ಸುಲಿನ್ ಪ್ರತಿರೋಧ ಎರಡೂ ಹೆಚ್ಚಿದ್ದವು. ಗರ್ಭಿಣಿಯರಲ್ಲಿ ವಿಟಮಿನ್ ಬಿ12 ಕೊರತೆ ವ್ಯಾಪಕವಾಗಿದ್ದುದೂ ತಿಳಿದುಬಂತು. ಹಾಲು, ಮೊಸರು, ಮೊಟ್ಟೆ, ಮಾಂಸಗಳಿಂದ ಸಿಗುವ ಪೋಷಕಾಂಶವಿದು.

ಟೈಪ್ 5: ಹಸಿವಿನ ಮಧುಮೇಹ

ಅಪೌಷ್ಟಿಕತೆಯ ಹಿನ್ನೆಲೆಯ ಮಧುಮೇಹವನ್ನು 1955ರಲ್ಲಿ ಜಮೈಕಾದಲ್ಲಿ ಗುರುತಿಸಲಾಗಿತ್ತು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ವರ್ಗೀಕರಣದಲ್ಲಿ ಅದಕ್ಕೆ ಜಾಗ ಕೊಟ್ಟಿತು, 1999ರಲ್ಲಿ ಕೈಬಿಟ್ಟಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ನಿಹಾಲ್ ಥಾಮಸ್, ನ್ಯೂಯಾರ್ಕಿನ ಮೆರೆಡಿತ್ ಹಾಕಿನ್ಸ್ ಮತ್ತು ಸಂಗಡಿಗರ 2022ರ ಅಧ್ಯಯನ ಅದಕ್ಕೆ ಮರುಜೀವ ಕೊಟ್ಟಿತು. ಈ ರೋಗಿಗಳಲ್ಲಿ ಇನ್ಸುಲಿನ್ ಸ್ರವಿಕೆ ಬಹಳ ಕಡಿಮೆ. ಆದರೆ ಟೈಪ್ 2ರವರಂತೆ ದೇಹ ಇನ್ಸುಲಿನ್‌ಗೆ ಮೊಂಡುಬೀಳುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇದನ್ನು ಟೈಪ್ 5 ಎಂದು ಗುರುತಿಸಿತು.

ಹೆಸರಿಡುವುದಕ್ಕೂ ಚಿಕಿತ್ಸೆಗೂ ನಂಟಿದೆ. ಇಂಥವರಿಗೆ ಇನ್ಸುಲಿನ್ ಪ್ರಮಾಣ ಸ್ವಲ್ಪ ಹೆಚ್ಚಾದರೂ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಹಾಗೆಂದು ತೆಳ್ಳಗಿರುವ ಎಲ್ಲ ಮಧುಮೇಹಿಗಳದೂ ಟೈಪ್ 5 ಅಲ್ಲ. ಯಾವ ಬಗೆ ಎಂದು ವೈದ್ಯರೇ ನಿರ್ಧರಿಸಬೇಕು.

ಮುದ್ದೆಯ ಲೆಕ್ಕ

ರಾಗಿ ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ ಎಂಬುದು ಅರ್ಧಸತ್ಯ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಚೆನ್ನಾಗಿವೆ, ನಿಜ. ಆದರೆ ಅದರಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯನ್ನು ಬರೀ ತಿಳಿಸಾರಿನಲ್ಲಿ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಚಿಕ್ಕದಾಗಿ, ಜೊತೆಗೆ ಬೇಳೆ, ಸೊಪ್ಪು, ಮೊಳಕೆಕಾಳಿನ ಸಾರು ದಂಡಿಯಾಗಿದ್ದರೆ ಏರಿಕೆ ನಿಧಾನವಾಗುತ್ತದೆ.

ಎರಡು ತಾಸಿನ ಪರೀಕ್ಷೆ

ಸರ್ಕಾರದ ಮಾರ್ಗಸೂಚಿಯ ಪ್ರಕಾರ ಪ್ರತಿ ಗರ್ಭಿಣಿಗೂ ಮೊದಲ ತಪಾಸಣೆಯಲ್ಲೇ ಸಕ್ಕರೆ ಪರೀಕ್ಷೆ ಆಗಬೇಕು. ಆಗ ಸರಿಯಿದ್ದರೆ 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ. 75 ಗ್ರಾಂ ಗ್ಲೂಕೋಸ್ ಪುಡಿಯನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕದಡಿ ಕೊಡುತ್ತಾರೆ. ಸಿಹಿ ಮುಖಕ್ಕೆ ಹೊಡೆಯುತ್ತದೆ, ಆದರೂ ಐದರಿಂದ ಹತ್ತು ನಿಮಿಷದೊಳಗೆ ಕುಡಿದು ಮುಗಿಸಬೇಕು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿಲ್ಲ, ಹಳ್ಳಿಯಿಂದ ಬಸ್ಸು ಹಿಡಿದು ಬರುವವರಿಗೆ ಅದೇ ಅನುಕೂಲ. ಎರಡು ಗಂಟೆಯ ನಂತರ ರಕ್ತದ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಮೊದಲ ಮದ್ದು ಊಟದ ಹದ ಮತ್ತು ನಡಿಗೆ. ಸಾಲದಿದ್ದರೆ ಔಷಧ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು, ಬಾಣಂತನದ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಇದೇ.

ಮೈಸೂರಿನಲ್ಲಿ ಬರೆದಿಟ್ಟ ತೂಕ ಅರವತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂತು. ತಾಯಿ ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆ, ನರ್ಸ್ ಬರೆಯುವ ಸಂಖ್ಯೆಗಳೂ ಅಂಥವೇ. ಹೆರಿಗೆಯಾದ ಮೇಲೆ ಆ ಕಾರ್ಡನ್ನು ಎಸೆಯದೆ ಪಡಿತರ ಚೀಟಿಯ ಜೊತೆಗೇ ಜೋಪಾನ ಮಾಡಿಡಬೇಕು.